ಅಳಿಸುವುದಕ್ಕೆ ಯಜಮಾನರೇ ಬರಬೇಕು

ಆ ವಾಣಿಜ್ಯ ಕಟ್ಟಡದ ಹಿಂಬಾಗಿಲಿನ ಮೆಟ್ಟಿಲಡಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದ ಹೆಂಗಸಿಗೆ ಮದರ್‌ಬೋರ್ಡಮ್ಮ ಎಂದು ಮೊದಲು ಹೆಸರಿಟ್ಟವರು ಯಾರೋ ಗೊತ್ತಿಲ್ಲ; ಇಟ್ಟ ಮೇಲೆ ಅದು ಅಂಟಿಕೊಂಡಿತು. ಪಕ್ಕದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ತಾತ ಒಬ್ಬರಿಗೆ ಮಾತ್ರ ಅದು ಸರಿಬರಲಿಲ್ಲ. "ಮದರ್ ಅಂದ್ಮೇಲೆ ಮತ್ತೆ ಅಮ್ಮ ಯಾಕೆ? ಒಂದೇ ಗಡಿಯಾರಕ್ಕೆ ಎರಡು ದೊಡ್ಡ ಮುಳ್ಳು ಹಾಕಿದ ಹಾಗಾಯ್ತು" ಎನ್ನುತ್ತಿದ್ದರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಏನೆಂದು ಕರೆದರೇನು, ಕೆಲಸ ಹುಡುಕಿಕೊಂಡು ಬಂದರಾಯಿತು.

ಈ ವಿದ್ಯೆಯನ್ನು ಅವಳಿಗೆ ಯಾರೂ ಕೈ ಹಿಡಿದು ಕಲಿಸಿದ್ದಲ್ಲ. ಅವಳ ಅಕ್ಕನ ಗಂಡ ಕಂಪ್ಯೂಟರ್ ಅಂಗಡಿ ಇಟ್ಟಿದ್ದರು. ಓದು ಮುಗಿಸಿ ಮನೆಯಲ್ಲಿದ್ದವಳನ್ನು ಕರೆತಂದು ಮುಂದಿನ ಕೌಂಟರಿನಲ್ಲಿ ಕೂರಿಸಿ, "ನೀನು ಚೀಟಿ ಬರಿ, ಸ್ಕ್ರೂ ಮಾತ್ರ ಮುಟ್ಟಬೇಡ" ಎಂದರು. ಒಂಬತ್ತು ವರ್ಷ ಚೀಟಿ ಬರೆದಳು. ಭಾವನ ಮೇಜು ಅವಳ ಬೆನ್ನ ಹಿಂದೆ. ಆದರೆ ಎದುರಿನ ಗಾಜಿನ ಬೀರುವಿನಲ್ಲಿ ಅದರ ಬಿಂಬ ಕಾಣುತ್ತಿತ್ತು. ಯಾವ ಸ್ಕ್ರೂ ಮೊದಲು, ಯಾವ ತಂತಿ ಆಮೇಲೆ, ಮುಚ್ಚಳ ಬಿಚ್ಚುವಾಗ ಉಗುರನ್ನು ಎಲ್ಲಿ ತೂರಿಸಬೇಕು, ಎಲ್ಲವನ್ನೂ ಅವಳು ಆ ಗಾಜಿನಲ್ಲೇ ನೋಡಿ ಕಲಿತಳು. ಹಾಗೆ ಕಲಿತದ್ದರಿಂದ ಎಡ ಬಲ ಅದಲುಬದಲಾಗಿ, ಮೊದಮೊದಲು ಎಡಗಡೆಯ ತಂತಿಗೆ ಬಲಗಡೆ ಕೈ ಹಾಕಿ ತನಗೆ ತಾನೇ ನಗುತ್ತಿದ್ದಳು.

ಒಮ್ಮೆ ಭಾವ ಸೊಂಟ ಉಳುಕಿಸಿಕೊಂಡು ಹದಿನೈದು ದಿನ ಹಾಸಿಗೆ ಹಿಡಿದರು. ಅಷ್ಟರಲ್ಲಿ ಅವಳು ಹನ್ನೊಂದು ಯಂತ್ರಗಳನ್ನು ಬಿಚ್ಚಿ, ಸರಿಮಾಡಿ, ಗಿರಾಕಿಗಳಿಗೆ ಒಪ್ಪಿಸಿದಳು. ಹದಿನಾರನೆಯ ದಿನ ಭಾವ ಬಂದು ಕೂತವರು, "ನಾನೇ ಮನೆಗೆ ತರಿಸ್ಕೊಂಡು ಮಾಡಿದ್ದು" ಎಂದು ಒಬ್ಬ ಗಿರಾಕಿಗೆ ಹೇಳಿದರು. ಅವಳು ಚೀಟಿ ಪುಸ್ತಕವನ್ನು ಅವರ ಮುಂದಿಟ್ಟಳು.

"ಇನ್ಮೇಲೆ ಚೀಟಿನೂ ನೀವೇ ಬರ್ಕೊಳ್ಳಿ ಭಾವ. ನಿಮ್ಮ ಅಕ್ಷರ ಏನೂ ಕೆಟ್ಟದಾಗಿಲ್ಲ."

ಅಕ್ಕ ಫೋನ್ ಮಾಡಿ, "ಅವರು ನಿನ್ನ ಹತ್ರ ಇನ್ನು ಮಾತಾಡಲ್ವಂತೆ ಕಣೆ" ಎಂದಳು. "ಹೌದಾ, ಇಬ್ಬರ ಕಿವಿಗೂ ಸ್ವಲ್ಪ ವಿಶ್ರಾಂತಿ" ಎಂದು ಇವಳು ಫೋನ್ ಇಟ್ಟಳು. ಅದಾದ ತಿಂಗಳಿಗೆ ಮೆಟ್ಟಿಲಡಿಯ ಜಾಗ ಹಿಡಿದಳು. ಒಂದು ಕಡೆ ನೆಟ್ಟಗೆ ನಿಲ್ಲಬಹುದು, ಇನ್ನೊಂದು ಕಡೆ ಮೊಣಕಾಲೆತ್ತರ. ಮೇಲೆ ಜನ ಹತ್ತಿ ಇಳಿಯುವ ಸದ್ದು ಕೇಳಿಯೇ ಯಾವ ಮಹಡಿಯವರು ಎಂದು ಹೇಳುವಷ್ಟು ರೂಢಿಯಾಯಿತು.

ಅವಳ ಅಂಗಡಿಯಲ್ಲಿ ಒಂದು ರಟ್ಟಿನ ಫಲಕ ತೂಗುತ್ತಿತ್ತು. ಅದಕ್ಕೆ ಒಂದು ಕತೆಯಿದೆ.

ಅಂಗಡಿ ತೆರೆದ ಎರಡನೆಯ ವರ್ಷ ಒಬ್ಬ ಗಂಡಸು ಲ್ಯಾಪ್‌ಟಾಪ್ ತಂದು, "ಮನೇದೇ. ಎಲ್ಲ ತೆಗೆದುಬಿಡಿ, ಕಾರ್ಖಾನೆಯಿಂದ ಬಂದ ಹಾಗಿರ್ಬೇಕು" ಎಂದಿದ್ದ. ಅವಳು ಪ್ರಶ್ನೆ ಕೇಳದೆ ಅಳಿಸಿ ಕೊಟ್ಟಿದ್ದಳು. ನಾಲ್ಕು ದಿನ ಬಿಟ್ಟು ಅವನ ಹೆಂಡತಿ ಬಂದಳು. ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವ ಟೀಚರು. ಪದಗಳಿಗೆ ಕೈಸನ್ನೆ ಮಾಡಿ ತೋರಿಸುವ ನಾನೂರು ಚಿಕ್ಕ ಚಿಕ್ಕ ವಿಡಿಯೋಗಳನ್ನು ತಾನೇ ಮಾಡಿ ಅದರಲ್ಲಿಟ್ಟಿದ್ದಳು. ಮದರ್‌ಬೋರ್ಡಮ್ಮ ಒಂದು ವಾರ ಪಟ್ಟುಹಿಡಿದು, ಅಳಿಸಿದ್ದನ್ನು ಹುಡುಕಿ ತೆಗೆಯುವ ತನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದಳು. ಸಿಕ್ಕಿದ್ದು ಬರೀ ಹೆಸರುಗಳು. ಒಳಗೆ ಏನೂ ಇರಲಿಲ್ಲ. ಟೀಚರು ಬಂದು, "ಒಂದೂ ಇಲ್ವಾ?" ಎಂದು ಕೇಳಿದಳು. "ಇಲ್ಲ. ನನ್ನಿಂದ ತಪ್ಪಾಯ್ತು" ಎಂದಾಗ ತಲೆಯಾಡಿಸಿ ಹೋದಳು. ಬೈದಿದ್ದರೆ ವಾಸಿಯಿತ್ತು.

ಅವತ್ತೇ ರಟ್ಟಿನ ಮೇಲೆ ಬರೆದಳು: "ಅಳಿಸುವ ಕೆಲಸಕ್ಕೆ ಯಂತ್ರದ ಯಜಮಾನರೇ ಬರಬೇಕು." ಮರುವಾರವೇ ಒಬ್ಬ ಬಂದು ಹೆಂಡತಿಯ ಲ್ಯಾಪ್‌ಟಾಪ್ ಇಟ್ಟು, "ಯಜಮಾನ ಬಂದಿದ್ದೀನಿ, ಅಳಿಸಿ" ಎಂದ. ಅವನನ್ನು ಹಿಂದಕ್ಕೆ ಕಳಿಸಿ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: "ಯಜಮಾನರ ಯಜಮಾನರು ಬಂದರೆ ಆಗುವುದಿಲ್ಲ." ಜನ ಓದಿ ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಅಂಗಡಿಗೆ ಆರನೆಯ ವರ್ಷ ನಡೆಯುತ್ತಿತ್ತು. ಒಂದು ಸೋಮವಾರ ಬೆಳಗ್ಗೆ ಟೈಲ್ಸ್ ಅಂಗಡಿಯವರು ದಿಂಬಿನ ಚೀಲದಲ್ಲಿ ಸುತ್ತಿದ ಒಂದು ಲ್ಯಾಪ್‌ಟಾಪ್ ಹಿಡಿದು ಬಂದರು. ಕಟ್ಟಡದ ಮುಂಭಾಗದ ಅರ್ಧ ನೆಲಮಹಡಿ ಅವರದು. ಅದಕ್ಕಿಂತ ಮುಖ್ಯವಾಗಿ ಅಂಗಡಿಯವರ ಸಂಘದ ಕಾರ್ಯದರ್ಶಿ ಅವರೇ. ಮೆಟ್ಟಿಲಡಿ, ಮೂಲೆ, ಮಾಡಗಳನ್ನೆಲ್ಲ ಯಾರಿಗೆ ಕೊಡಬೇಕು ಬಿಡಬೇಕು ಎನ್ನುವುದು ಅವರ ಬಾಯಿಂದ ಬರಬೇಕು. ಕೆಟ್ಟವರಲ್ಲ. ಆದರೆ ತಮ್ಮ ಮಾತಿಗೆ ಎದುರುತ್ತರ ಬಂದು ಎಷ್ಟೋ ವರ್ಷವಾಗಿ, ಅದರ ಅಭ್ಯಾಸ ತಪ್ಪಿಹೋಗಿತ್ತು.

"ಇದನ್ನ ಫ್ಯಾಕ್ಟರಿಯಿಂದ ಬಂದ ಹಾಗೆ ಮಾಡ್ಬೇಕಲ್ಲ ಅಮ್ಮ. ಒಂದು ಚೂರೂ ಹಳೇದು ಉಳೀಬಾರ್ದು. ನನ್ನ ಮಗಳು ಕಾಲೇಜಿಗೆ ಸೇರಿದ್ದಾಳೆ, ಅವಳಿಗೆ."

ಮದರ್‌ಬೋರ್ಡಮ್ಮ ಚೀಲ ಬಿಚ್ಚಿದಳು. ದಪ್ಪನೆಯ ಹಳೇ ಯಂತ್ರ. ಮುಚ್ಚಳದ ಅಂಚಿನುದ್ದಕ್ಕೂ ದರ್ಜಿಯ ಅಳತೆಪಟ್ಟಿಯ ತುಂಡೊಂದನ್ನು ಅಂಟಿಸಿದ್ದರು. ಕೀಲಿಮಣೆಯಲ್ಲಿ ಅರ್ಧ ಅಕ್ಷರಗಳು ಸವೆದುಹೋಗಿದ್ದವು. ಸಂದುಗೊಂದುಗಳಲ್ಲೆಲ್ಲ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಪುಡಿ. ಗುಂಡಿ ಒತ್ತಿದಾಗ ಫ್ಯಾನು ಮುದಿ ನಾಯಿಯಂತೆ ಗುರುಗುಟ್ಟಿತು, ಪರದೆ ಬೆಳಗಿ ಪಾಸ್‌ವರ್ಡ್ ಕೇಳಿತು.

"ಇದು ಯಾರದು?"

"ನನ್ನ ತಂಗೀದು. ಅಳತೆ ತಗೊಂಡು ಬಟ್ಟೆ ಕತ್ತರಿಸೋಕೆ ನಕ್ಷೆ ಮಾಡ್ತಿದ್ದಳು. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೀತು. ಬಲಗೈ ಹೋಯ್ತು, ಮಾತೂ ನೆಟ್ಟಗಿಲ್ಲ. ಇನ್ನು ಅವಳಿಗೆ ಇದ್ಯಾಕೆ? ಪಾಸ್‌ವರ್ಡ್ ನಂಗೊತ್ತಿಲ್ಲ. ಅಳಿಸೋಕೆ ಅದು ಬೇಕಾಗಲ್ವಂತಲ್ಲ?"

"ಬೇಕಾಗಲ್ಲ" ಎಂದಳು ಅವಳು. ನಿಜ ಅದೇ. ಆ ಯಂತ್ರದ ಹೊಟ್ಟೆಯಲ್ಲೇ ಮೊದಲ ದಿನದ ಸ್ಥಿತಿಯ ಒಂದು ನಕಲು ಅಡಗಿ ಕೂತಿರುತ್ತದೆ. ಶುರುವಾಗುವಾಗ ಸರಿಯಾದ ಕೀಲಿ ಒತ್ತಿ, "ಎಲ್ಲವನ್ನೂ ತೆಗೆ" ಎಂಬುದನ್ನು ಆರಿಸಿದರೆ ಮುಗಿಯಿತು. ಯಜಮಾನರು ಯಾರು ಎಂದು ಯಂತ್ರ ಕೇಳುವುದಿಲ್ಲ. "ಆದರೆ ನನಗೆ ಬೇಕಾಗುತ್ತೆ. ನಿಮ್ಮ ತಂಗಿ ಬರ್ಲಿ, ಇಲ್ಲ ಅವರೇ ಹೇಳ್ಲಿ. ಮಾಡ್ತೀನಿ."

ಅವರು ಫಲಕದ ಕಡೆ ನೋಡಿ ನಕ್ಕರು. "ಇದೆಲ್ಲ ಹೊರಗಿನವರಿಗೆ ಅಮ್ಮ. ಅದು ನಮ್ಮ ಮನೇದು."

"ಮನೆಗೆ ಪಾಸ್‌ವರ್ಡ್ ಇರಲ್ಲ ಸರ್. ಒಬ್ಬರಿಗೆ ಇರುತ್ತೆ."

ನಗು ನಿಂತಿತು. "ಅವಳು ಮೂರನೇ ಮಹಡೀಲಿ ಕುರ್ಚಿ ಮೇಲೆ ಕೂತಿದ್ದಾಳೆ. ತುತ್ತು ತಿನ್ನೋಕೇ ಅರ್ಧ ಗಂಟೆ ಬೇಕು. ಬುದ್ಧಿನೂ ಮೊದಲಿನ ಹಾಗಿಲ್ಲ. ಅವಳನ್ನ ಇಲ್ಲಿಗೆ ಹೊತ್ಕೊಂಡು ಬರ್ಲಾ? ನೋಡಿ, ನಿಮ್ಮ ಜಾಗದ ಕರಾರು ಮುಂದಿನ ತಿಂಗಳು ಮುಗಿಯುತ್ತೆ. ನಾನು ಯಾವತ್ತಾದ್ರೂ ತಕರಾರು ಮಾಡಿದ್ದೀನಾ? ನಾಳೆ ಸಂಜೆ ಆರಕ್ಕೆ ಬರ್ತೀನಿ. ಆಗಿರ್ಬೇಕು." ಯಂತ್ರವನ್ನು ಅಲ್ಲೇ ಬಿಟ್ಟು ಹೊರಟೇಹೋದರು.

ಗಡಿಯಾರದ ತಾತ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದರು. ಅವರಿಗೆ ಎಲ್ಲವೂ ಕೇಳಿಸಿತ್ತು. "ನೀರಲ್ಲಿದ್ಕೊಂಡು ಮೊಸಳೆ ಜೊತೆ ಹಗೆ ಕಟ್ಕೋತಿದ್ದೀಯಲ್ಲಮ್ಮ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು, ಹಾಗೇನಾದ್ರೂ ಮಾಡು. ರಿಪೇರಿ ಆಗಲ್ಲ ಅಂತ ಹೇಳಿ ವಾಪಸ್ ಕೊಟ್ಬಿಡು."

"ಆಗೋದನ್ನ ಆಗಲ್ಲ ಅನ್ನೋದು ಹೇಗೆ ತಾತ? ನಾಳೆ ಪಕ್ಕದ ಬೀದೀಲಿ ಯಾರೋ ಹತ್ತು ನಿಮಿಷಕ್ಕೆ ಅಳಿಸಿ ಕೊಡ್ತಾರೆ. ಆಮೇಲೆ ನನ್ನ ಕೈ ಚೊಕ್ಕಟ, ಅವಳ ಕೈ ಖಾಲಿ."

ಅವತ್ತು ಮಧ್ಯಾಹ್ನ ಬಿಡುವಿನಲ್ಲಿ ಆ ಯಂತ್ರದ ತಳ ಬಿಚ್ಚಿ, ಫ್ಯಾನಿಗೆ ಸುತ್ತಿಕೊಂಡಿದ್ದ ದಾರದ ಎಳೆಗಳನ್ನು ಚಿಮಟದಿಂದ ಒಂದೊಂದಾಗಿ ಎಳೆದಳು. ಕೆಂಪು, ಹಸಿರು, ಖಾಕಿ. ಎಷ್ಟು ಜನರ ಬಟ್ಟೆಯೋ. ಎಡಗಡೆಯ ಶಿಫ್ಟ್ ಕೀಲಿ ಸತ್ತುಹೋಗಿದ್ದನ್ನೂ ಗಮನಿಸಿದಳು. ಒಳಗಿನದೇನನ್ನೂ ಮುಟ್ಟಲಿಲ್ಲ.

ಸಂಜೆ ಗಂಡನಿಗೆ ವಿಷಯ ಹೇಳಿದಳು. ಅವನು ಬಸ್ಸಿನ ಡ್ರೈವರು; ಇಡೀ ದಿನ ಹಾರ್ನಿನ ನಡುವೆ ಕಳೆದು ಬಂದು ಮನೆಯಲ್ಲಿ ಮೆಲ್ಲಗೆ ಮಾತಾಡುವ ಆಸಾಮಿ. ತಟ್ಟೆಯ ಮುಂದೆ ಕೂತು ಪೂರ್ತಿ ಕೇಳಿಸಿಕೊಂಡ.

"ಜಾಗ ಹೋದ್ರೆ?"

"ಹೋಗುತ್ತೆ."

"ನಿನ್ನ ಗಾಡಿಗೆ ರಿವರ್ಸ್ ಗೇರ್ ಇಲ್ಲ ಅಂತ ಮದುವೆಗೆ ಮುಂಚೆ ನಿಮ್ಮಕ್ಕ ಹೇಳಿದ್ದಳು" ಎಂದ. "ನಾನೇ ಕೇಳಿಸ್ಕೊಂಡಿಲ್ಲ. ಸರಿ, ಹೋಗು. ಆದರೆ ಆ ಹೆಂಗಸಿನ ಮುಂದೆ ಹೋಗಿ ನೀನು ಜಗಳ ಮಾಡ್ಬೇಡ. ಜಗಳ ಮಾಡ್ಬೇಕಾ ಬೇಡ್ವಾ ಅಂತ ಅವಳನ್ನ ಕೇಳು."

ಮರುದಿನ ಹನ್ನೊಂದಕ್ಕೆ ಅಂಗಡಿಗೆ ಅರ್ಧ ಷಟರ್ ಎಳೆದು ಅವಳು ಹೊರಟಳು. ಟೈಲ್ಸ್‌ನವರ ಮನೆ ಹಿಂದಿನ ಬೀದಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿ. ಬಾಗಿಲು ತೆರೆದದ್ದು ಅವರ ಹೆಂಡತಿ. ಲ್ಯಾಪ್‌ಟಾಪಿನ ವಿಷಯ ಎಂದಾಗ ಅವರ ಮುಖ ಸಣ್ಣದಾಯಿತು.

"ಅದು ಅವರಿಗೇ ಗೊತ್ತು. ನನ್ನ ನಾದಿನಿಗೆ ಆಯಾಸ ಆಗ್ಬಾರ್ದು ಅಂತ ಡಾಕ್ಟರ್ ಹೇಳಿದ್ದಾರೆ."

"ಒಂದೇ ಒಂದು ಪ್ರಶ್ನೆ. ಹೌದು ಅಂದ್ರೂ ಸಾಕು, ಬೇಡ ಅಂದ್ರೂ ಸಾಕು."

ಹಿಂದಿನ ಕೋಣೆಯ ಕಿಟಕಿಯ ಪಕ್ಕ ನಲವತ್ತೈದರ ಹತ್ತಿರದ ಹೆಂಗಸು ಕೂತಿದ್ದಳು. ಬಲಗೈ ಮಡಿಲಲ್ಲಿ, ಬೇರೆ ಯಾರದೋ ಸಾಮಾನು ಇಟ್ಟುಕೊಂಡ ಹಾಗೆ. ಗೋಡೆಯ ಮೇಲೆ ಮೇಜು ತೆಗೆದ ಗುರುತು ಇನ್ನೂ ಬೆಳ್ಳಗಿತ್ತು. ಹೊಲಿಗೆ ಯಂತ್ರ ಬಾಲ್ಕನಿಯಲ್ಲಿ ಹಾಸಿಗೆಬಟ್ಟೆ ಹೊದ್ದು ನಿಂತಿತ್ತು. ಕೋಣೆಯನ್ನು ರೋಗಿಗೆ ಅಂತ ಖಾಲಿ ಮಾಡಿದ್ದರು. ಎಷ್ಟು ಖಾಲಿ ಎಂದರೆ ಮಾಡುವುದಕ್ಕೆ ಒಂದು ಕೆಲಸವೂ ಅಲ್ಲಿ ಉಳಿದಿರಲಿಲ್ಲ.

"ನಿಮ್ಮ ಲ್ಯಾಪ್‌ಟಾಪ್ ನನ್ನ ಹತ್ರ ಇದೆ" ಎಂದಳು ಮದರ್‌ಬೋರ್ಡಮ್ಮ. "ನಾನು ರಿಪೇರಿಯವಳು."

"ಗೊತ್ತು. ರಿ... ರಿಪೇರಿಗೆ ಅಂದ್ರು ಅಣ್ಣ."

"ರಿಪೇರಿಗಲ್ಲ. ಎಲ್ಲ ಅಳಿಸೋಕೆ ಕೊಟ್ಟಿದ್ದಾರೆ."

ಆ ಹೆಂಗಸು ತಿರುಗಿ ಅತ್ತಿಗೆಯನ್ನು ನೋಡಿದಳು. ಅತ್ತಿಗೆ ಬಾಗಿಲ ಚಿಲಕವನ್ನು ನೋಡಿದರು. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಬೇಡ" ಎಂದಳು ಆಕೆ. ಉಳಿದ ಮಾತೆಲ್ಲ ತೊದಲಿದರೂ ಆ ಒಂದು ಮಾತು ಕತ್ತರಿಯಿಂದ ಕತ್ತರಿಸಿದ ಹಾಗೆ ಬಂತು.

ಆಮೇಲೆ ನಿಧಾನಕ್ಕೆ, ಸಿಗದ ಮಾತಿಗೆ ಎಡಗೈಯ ಸನ್ನೆ ಸೇರಿಸಿ, ಅದರಲ್ಲಿ ಏನಿದೆ ಎಂದು ಹೇಳಿದಳು. ಅಂಗಡಿಯ ಸಿದ್ಧ ಉಡುಪು ಸರಿಹೊಂದದ ಮೈಯವರಿಗೆ ಅವಳು ಬಟ್ಟೆಯ ನಕ್ಷೆ ಮಾಡುತ್ತಿದ್ದಳು. ಒಂದು ತೋಳು ಮಾತ್ರ ಇರುವ ಅಂಚೆಯವರು. ಬೆನ್ನು ಬಾಗಿದ ಗ್ರಂಥಪಾಲಕರು. ಗಾಲಿಕುರ್ಚಿಯಲ್ಲಿ ಕೂರುವ ವಕೀಲೆ. ಕೂತಾಗ ಮಡಿಕೆ ಬಿದ್ದು ಮೈ ತರಚದ ಹಾಗೆ ಅವರ ಕರಿ ಕೋಟು. ಹತ್ತು ವರ್ಷ, ನೂರ ಹನ್ನೆರಡು ಜನ. ಕೆಲವರ ಅಳತೆ ವರ್ಷ ವರ್ಷ ಬದಲಾಗುತ್ತ ಬಂದದ್ದೂ ಅದರಲ್ಲಿತ್ತು.

"ಬೇರೆ ಎಲ್ಲೂ ಇಟ್ಟಿಲ್ವಾ?"

"ಇಡ್ಬೇಕು... ಅಂತಿದ್ದೆ. ಅಷ್ಟರಲ್ಲಿ..." ಎಂದು ಬಲಗೈ ತೋರಿಸಿದಳು.

"ನೀವು ಬೇಡ ಅಂದಿದ್ದನ್ನ ನಾನು ಹೋಗಿ ಹೇಳ್ಬಹುದು. ಆದರೆ ಅವಳಿಗೆ ಬುದ್ಧಿ ಸರಿಯಿಲ್ಲ, ಏನು ಹೇಳ್ತಾಳೋ ಅವಳಿಗೇ ಗೊತ್ತಿಲ್ಲ ಅಂತಾರೆ ನಿಮ್ಮಣ್ಣ. ನನ್ನ ಹತ್ರ ಅಂದೂ ಆಯ್ತು. ಸಂಜೆ ಆರಕ್ಕೆ ಬರ್ತಾರೆ. ನೀವೇ ಬಂದು ಪಾಸ್‌ವರ್ಡ್ ಹಾಕಿದ್ರೆ ಯಾರೂ ಮಾತಾಡೋ ಹಾಗಿಲ್ಲ. ಬರೋಕಾಗಲ್ಲ ಅಂದ್ರೆ ಯಂತ್ರಾನ ಈಗಲೇ ಇಲ್ಲಿ ತಂದು ನಿಮ್ಮ ಕೈಗೆ ಕೊಡ್ತೀನಿ. ಹೇಗೆ ಹೇಳ್ತೀರೋ ಹಾಗೆ."

"ಇಲ್ಲಿ ಕೊಟ್ರೆ... ಮತ್ತೆ ತಗೊಂಡು ಹೋಗ್ತಾನೆ." ಅವಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಐವತ್ನಾಲ್ಕು ಮೆಟ್ಟಿಲು. ಬರ್ತೀನಿ."

"ನಾಲ್ಕು ತಿಂಗಳಿಂದ ಕೆಳಗೆ ಇಳಿದಿಲ್ಲ ಇವಳು" ಎಂದರು ಅತ್ತಿಗೆ, ಗಾಬರಿಯಿಂದ. ಆದರೆ ಮದರ್‌ಬೋರ್ಡಮ್ಮನನ್ನು ಕಳಿಸಲು ಬಾಗಿಲವರೆಗೆ ಬಂದವರು ದನಿ ತಗ್ಗಿಸಿ ಕೇಳಿದರು: "ಆರು ಗಂಟೆಗೆ ಅಲ್ಲಿರ್ಬೇಕಾದ್ರೆ ಎಷ್ಟೊತ್ತಿಗೆ ಹೊರಡ್ಬೇಕು?"

ಸಂಜೆ ಆರಕ್ಕೆ ಸರಿಯಾಗಿ ಟೈಲ್ಸ್‌ನವರು ಬಂದರು. ಯಂತ್ರ ಮೇಜಿನ ಮೇಲಿತ್ತು, ಚಾರ್ಜರ್ ಸಿಕ್ಕಿಸಿತ್ತು, ಪರದೆ ಪಾಸ್‌ವರ್ಡ್ ಕೇಳುತ್ತಲೇ ಇತ್ತು.

"ಇನ್ನೂ ಮಾಡಿಲ್ವಾ?"

"ಯಜಮಾನರು ಬರ್ತಿದ್ದಾರೆ ಸರ್. ಕೂತ್ಕೊಳ್ಳಿ."

ಕೂರಲಿಲ್ಲ. ಐದು ನಿಮಿಷ ಅವರು ಬೈದದ್ದೆಲ್ಲವನ್ನೂ ಅವಳು ಒಂದು ಹಳೇ ಕೀಲಿಮಣೆ ಒರೆಸುತ್ತ ಕೇಳಿಸಿಕೊಂಡಳು. ಆರನೆಯ ನಿಮಿಷಕ್ಕೆ ಓಣಿಯ ತುದಿಯಲ್ಲಿ ಇಬ್ಬರು ಹೆಂಗಸರು ಕಾಣಿಸಿದರು. ಒಬ್ಬಳು ಒಂದು ಹೆಜ್ಜೆ ಇಟ್ಟು ಇನ್ನೊಂದು ಕಾಲನ್ನು ಎಳೆದುಕೊಳ್ಳುತ್ತಿದ್ದಳು. ಅವಳ ಸೊಂಟ ಬಳಸಿ ಹಿಡಿದಿದ್ದ ಅತ್ತಿಗೆಯ ಮುಖ ಬೆವರಿ ಹೊಳೆಯುತ್ತಿತ್ತು. ಟೈಲ್ಸ್‌ನವರು ತಂಗಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಬೈಯುತ್ತಿದ್ದವರು ಅರ್ಧ ಮಾತಿನಲ್ಲೇ ನಿಂತರು. ಗಡಿಯಾರದ ತಾತ ಎದ್ದು ತಮ್ಮ ಸ್ಟೂಲು ಕೊಟ್ಟರು.

"ನೀನ್ಯಾಕೆ ಬಂದೆ? ಬಿದ್ದುಗಿದ್ದಿದ್ರೆ?"

ತಂಗಿ ಸ್ಟೂಲಿನ ಮೇಲೆ ಕೂತಳು. ಉಸಿರು ಹತೋಟಿಗೆ ಬರುವವರೆಗೆ ಕಾದು, ಎಡಗೈಯ ತೋರುಬೆರಳಿನಿಂದ ಪಾಸ್‌ವರ್ಡ್ ಒತ್ತತೊಡಗಿದಳು. ಒಂದೊಂದೇ ಕೀಲಿ, ಯೋಚಿಸಿ ಯೋಚಿಸಿ. ತಪ್ಪು ಎಂದಿತು ಯಂತ್ರ. ಇನ್ನೊಮ್ಮೆ ಒತ್ತಿದಳು. ತಪ್ಪು. ಮೂರನೆಯ ಸಲವೂ ಅದೇ.

"ನೋಡಿದ್ರಾ?" ಟೈಲ್ಸ್‌ನವರ ದನಿಯಲ್ಲಿ ಗೆಲುವಿಗಿಂತ ದುಃಖವೇ ಹೆಚ್ಚಿತ್ತು. "ಇದನ್ನೇ ನಾನು ಹೇಳಿದ್ದು. ಅವಳಿಗೆ ನೆನಪಿಲ್ಲ. ಎಲ್ಲರ ಮುಂದೆ ಅವಳನ್ನ ಯಾಕೆ ಹೀಗೆ ಮಾಡ್ತೀರಿ?"

ಆದರೆ ಮದರ್‌ಬೋರ್ಡಮ್ಮ ಅವಳ ಮುಖ ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದಳು. ಮೂರು ಸಲವೂ ಬೆರಳು ಅದೇ ದಾರಿ ಹಿಡಿದಿತ್ತು. ಒಂದು ಕೀಲಿಯೂ ಹೆಚ್ಚುಕಮ್ಮಿಯಿಲ್ಲ. ನೆನಪಿಲ್ಲದ ಬೆರಳು ಹಾಗೆ ನಡೆಯುವುದಿಲ್ಲ. ಮಧ್ಯದಲ್ಲಿ ಒಂದು ಕಡೆ ಅದು ಬಲತುದಿಯ ಶಿಫ್ಟ್ ಒತ್ತಿ, ಬಿಟ್ಟು, ಎಡತುದಿಯ ಒಂದನೇ ಅಂಕಿಗೆ ಹೋಗುತ್ತಿತ್ತು. ಅಲ್ಲಿ ಬೇಕಾದದ್ದು ಅಂಕಿಯಲ್ಲ, ಅಂಕಿಯ ಮೇಲಿನ ಚಿಹ್ನೆ. ಅದಕ್ಕೆ ಎರಡನ್ನೂ ಒಟ್ಟಿಗೆ ಒತ್ತಬೇಕು. ಎಡಗಡೆಯ ಶಿಫ್ಟ್ ಸತ್ತಿದೆ. ಈ ತುದಿಯಿಂದ ಆ ತುದಿಗೆ ಒಂದು ಕೈ ಎಟುಕುವುದಿಲ್ಲ.

"ತಡೀರಿ" ಎಂದಳು. "ನೆನಪು ಸರಿಯಾಗಿದೆ. ಕಮ್ಮಿ ಬಿದ್ದಿರೋದು ಇನ್ನೊಂದು ಕೈ, ಅಷ್ಟೇ. ಆ ಶಿಫ್ಟ್ ಕೀಲೀನ ಐದು ಸಲ ಬೇಗ ಬೇಗ ಒತ್ತಿ ಅಕ್ಕ."

ಐದು ಸಲ ಒತ್ತಿದಾಗ ಪರದೆ ಒಂದು ಪ್ರಶ್ನೆ ಕೇಳಿತು. ಮದರ್‌ಬೋರ್ಡಮ್ಮ ಹೌದು ಎಂದು ಒಪ್ಪಿಗೆ ಕೊಟ್ಟಳು. "ಈಗ ಒಂದಾದ ಮೇಲೆ ಒಂದು ಒತ್ತಿದ್ರೂ ಅದು ಒಟ್ಟಿಗೆ ಅಂತಲೇ ತಗೊಳ್ಳುತ್ತೆ. ಒಂದು ಕೈಯವರಿಗೆ ಅಂತಲೇ ಇಟ್ಟಿರೋದು. ಇನ್ನೊಂದ್ಸಲ ಹಾಕಿ."

ಬೆರಳು ಮತ್ತೆ ಅದೇ ದಾರಿಯಲ್ಲಿ ಹೊರಟಿತು. ಕೊನೆಯ ಕೀಲಿ ಒತ್ತಿದಾಗ ಪರದೆ ತೆರೆದುಕೊಂಡಿತು.

ಪರದೆಯ ತುಂಬ ಕಡತಗಳು: ಅಂಚೆಯವರು, ಎಡತೋಳು. ವಕೀಲೆ, ಕೂತಾಗ. ಗ್ರಂಥಪಾಲಕರು, ಚಳಿಗಾಲ. ಅವಳು ಒಂದನ್ನು ತೆರೆದಳು. ಬಾಗಿದ ಬೆನ್ನಿನ ಗೆರೆ, ಅದರ ಸುತ್ತ ಅಂಕಿಗಳು, ಪಕ್ಕದಲ್ಲಿ ಅವಳದೇ ಟಿಪ್ಪಣಿ: "ಗುಂಡಿ ದೊಡ್ಡದಿರಲಿ, ಬೆರಳು ನಡುಗುತ್ತದೆ." ಟೈಲ್ಸ್‌ನವರು ಬಗ್ಗಿ ಓದಿದರು. ಒಂದೇ ಮನೆಯಲ್ಲಿದ್ದುಕೊಂಡು ಹತ್ತು ವರ್ಷದಲ್ಲಿ ಅದನ್ನು ಅವರು ಒಮ್ಮೆಯೂ ನೋಡಿರಲಿಲ್ಲ ಎನ್ನುವುದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು.

"ಆಯ್ತು" ಎಂದರು ಕೊನೆಗೆ. "ಆದ್ರೂ ಇದನ್ನೆಲ್ಲ ಇನ್ನು ಹೊಲಿಯೋರು ಯಾರು?"

"ಹೊಲಿಯೋರು ಸಿಗ್ತಾರೆ" ಎಂದಳು ತಂಗಿ. ಮಾತು ಮುಗಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು, ಎಲ್ಲರೂ ಕಾದರು. "ಅಳತೆ... ಸಿಗಲ್ಲ."

ಟೈಲ್ಸ್‌ನವರು ಹೆಂಡತಿಯನ್ನು "ನೀನೂನಾ?" ಎಂದಷ್ಟೇ ಕೇಳಿ ಹೊರಟುಹೋದರು. ಹೆಂಡತಿ ಅಲ್ಲೇ ನಿಂತರು.

ನಿಜ ಹೇಳಬೇಕೆಂದರೆ ಆ ಯಂತ್ರಕ್ಕೆ ಅಳಿಸುವ ಕೆಲಸ ಬೇಕೇ ಆಗಿತ್ತು. ಬೇಡದ ಸಾಮಾನು ಸೇರಿ ಸೇರಿ, ಒಂದು ನಕ್ಷೆ ತೆರೆಯಲು ಟೀ ಕುಡಿದು ಮುಗಿಸುವಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ಮದರ್‌ಬೋರ್ಡಮ್ಮ ಅದನ್ನು ಬಿಡಿಸಿ ಹೇಳಿದಳು. ನಕ್ಷೆಗಳನ್ನೆಲ್ಲ ಎರಡು ಕಡೆ ನಕಲು ಮಾಡಿ, ತಂಗಿಗೆ ಒಂದೊಂದನ್ನೂ ತೆರೆದು ತೋರಿಸಿ, ಆಮೇಲೆ ಯಂತ್ರವನ್ನು ಮೊದಲ ದಿನದ ಸ್ಥಿತಿಗೆ ತಂದು, ನಕ್ಷೆಗಳನ್ನು ವಾಪಸ್ ಕೂರಿಸಿದರೆ ಇನ್ನೂ ಐದಾರು ವರ್ಷ ಓಡುತ್ತದೆ. ಮಾಡಲೋ ಬೇಡವೋ?

"ಮಾಡಿ. ನನ್ನ ಮುಂದೆ."

ಎರಡು ದಿನ ಬಿಟ್ಟು ಅವಳು ಮತ್ತೆ ಐವತ್ನಾಲ್ಕು ಮೆಟ್ಟಿಲು ಇಳಿದು ಬಂದಳು. ಈ ಸಲ ಅತ್ತಿಗೆ ಬರೀ ಮೊಣಕೈ ಹಿಡಿದಿದ್ದರು. ನಕಲುಗಳನ್ನು ಇಬ್ಬರೂ ಕೂತು ಎಣಿಸಿದರು, ನೂರ ಹನ್ನೆರಡು. ಪರದೆಯ ಮೇಲೆ "ಎಲ್ಲವನ್ನೂ ತೆಗೆ" ಎಂಬ ಸಾಲು ಬಂದಾಗ ಮದರ್‌ಬೋರ್ಡಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಯಂತ್ರದ ಯಜಮಾನಿ ತೋರುಬೆರಳು ಚಾಚಿ ತಾನೇ ಒತ್ತಿದಳು. ವೃತ್ತವೊಂದು ತಿರುಗತೊಡಗಿತು.

"ಇದು ಹೊಸದಾಗುತ್ತೆ. ನನ್ನನ್ನೂ... ಹೀಗೆ ಮಾಡೋಕಾಗುತ್ತಾ?"

"ನಿಮ್ಮ ವಾರಂಟಿ ಮುಗಿದಿದೆ ಅಕ್ಕ. ಇದ್ದದ್ದರಲ್ಲೇ ಓಡಿಸ್ಬೇಕು."

ಆ ಹೆಂಗಸು ನಕ್ಕಳು. ಮುಖದ ಅರ್ಧ ಭಾಗ ಮಾತ್ರ ನಕ್ಕಿತು, ಆದರೆ ಮೆಟ್ಟಿಲು ಇಳಿಯುತ್ತಿದ್ದವರು ನಿಂತು ನೋಡುವಷ್ಟು ಜೋರಾಗಿ ನಕ್ಕಿತು. ಅವತ್ತೇ ಅವಳು ಹೇಳಿ ಅದರಲ್ಲಿ ಎರಡು ಖಾತೆ ಮಾಡಿಸಿದಳು. ಒಂದು ತನಗೆ, ಇನ್ನೊಂದು ಅಣ್ಣನ ಮಗಳಿಗೆ. ಸಂಜೆಯ ಹೊತ್ತು ಅವಳು ಬಳಸಿಕೊಳ್ಳಲಿ, ಅವಳ ಪಾಸ್‌ವರ್ಡ್ ಅವಳೇ ಇಟ್ಟುಕೊಳ್ಳಲಿ ಎಂದು. ಮೇಜು ಗೋಡೆಗೆ ವಾಪಸ್ ಬಂತಂತೆ. ಮೂರು ತಿಂಗಳಲ್ಲಿ ಅವಳು ಎಡಗೈಯಲ್ಲೇ ಒಂದು ಹೊಸ ನಕ್ಷೆ ಮುಗಿಸಿದಳು. ಅದು ಅವಳದೇ ಅಳತೆಯ ಅಂಗಿ, ಒಂದೇ ಕೈಯಲ್ಲಿ ತೊಡಲು ಬರುವಂಥದು.

ಮೆಟ್ಟಿಲಡಿಯ ಜಾಗದ ವಿಷಯ ಬೇರೆ. ಕರಾರು ಮುಗಿದ ತಿಂಗಳೇ ಸಂಘದ ನೋಟೀಸು ಬಂತು: ಅಗ್ನಿ ಸುರಕ್ಷತೆಯ ಕಾರಣದಿಂದ ಮೆಟ್ಟಿಲ ಕೆಳಗಿನ ಜಾಗ ತೆರವು ಮಾಡತಕ್ಕದ್ದು. ಅವಳು ಸಂಘದ ಸಭೆಗೆ ಹೋದಳು. ಗಡಿಯಾರದ ತಾತನೂ ಸೇರಿ ಹನ್ನೊಂದು ಜನ ಪದಾಧಿಕಾರಿಗಳು ಉದ್ದ ಮೇಜಿನ ಸುತ್ತ ಕೂತಿದ್ದರು.

"ಆರು ವರ್ಷ ಬೀಳದಿದ್ದ ಬೆಂಕಿ ಈ ತಿಂಗಳಿಂದ ಬೀಳೋಕೆ ಶುರುವಾಯ್ತಾ?" ಎಂದು ಕೇಳಿದಳು.

ಒಬ್ಬರು ಕೆಮ್ಮಿದರು. ಮೆತ್ತಗಿನ ಮಾತಿನ ಬಟ್ಟೆ ಅಂಗಡಿಯವರು ಅವಳನ್ನು ಪಕ್ಕಕ್ಕೆ ಕರೆದು, "ಕಾರ್ಯದರ್ಶಿಗಳ ಹತ್ರ ಹೋಗಿ ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಮ್ಮ. ಅವರೂ ಅದನ್ನೇ ಕಾಯ್ತಿದ್ದಾರೆ. ಬಾಯಿ ಮಾತಿಗೇನು ಕಾಸು ಕೊಡಬೇಕಾ?" ಎಂದರು.

"ತಪ್ಪಾಗಿದ್ರೆ ಹೇಳ್ತಿದ್ದೆ. ಒಂದ್ಸಲ ತಪ್ಪು ಮಾಡಿದ್ದೀನಿ. ಆಗ ಯಾರೂ ಕೇಳದಿದ್ರೂ ಹೇಳಿದ್ದೆ."

ಕೈ ಎತ್ತಿಸಿದರು. ತೆರವಿಗೆ ಏಳು, ಬೇಡ ಎಂದು ನಾಲ್ಕು. ಆ ನಾಲ್ಕರಲ್ಲಿ, ಮೊಸಳೆಯ ಮಾತಾಡಿದ್ದ ಗಡಿಯಾರದ ತಾತನ ಕೈ ಎಲ್ಲಕ್ಕಿಂತ ಮೇಲಿತ್ತು. ನಡಾವಳಿ ಪುಸ್ತಕವನ್ನು ಸಹಿಗೆಂದು ಅವಳ ಮುಂದೆ ತಳ್ಳಿದರು. ಅವಳು ಪೂರ್ತಿ ಓದಿದಳು.

"ಕಾರಣ ತಪ್ಪು ಬರೆದಿದ್ದೀರಿ. ಕಾರ್ಯದರ್ಶಿಗಳ ಮಾತಿನ ಮೇಲೆ ಬೇರೆಯವರ ಯಂತ್ರ ಅಳಿಸಲಿಲ್ಲ, ಅದಕ್ಕೆ ತೆರವು ಅಂತ ಬರೀರಿ. ಈಗಲೇ ಸಹಿ ಹಾಕ್ತೀನಿ."

ಯಾರೂ ಬರೆಯಲಿಲ್ಲ. ಅವಳೂ ಸಹಿ ಹಾಕಲಿಲ್ಲ. ಆ ಪುಟದಲ್ಲಿ ಅವಳ ಹೆಸರಿನ ಮುಂದಿನ ಜಾಗ ಇವತ್ತಿಗೂ ಖಾಲಿಯೇ ಇದೆ ಎನ್ನುತ್ತಾರೆ ತಾತ. ಅಷ್ಟು ಹೊತ್ತೂ ಟೈಲ್ಸ್‌ನವರು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತಿದ್ದರು. ಒಂದೇ ಒಂದು ಮಾತಾಡಿದರು: "ಭಾನುವಾರ ಖಾಲಿ ಮಾಡ್ಲಿ. ಗಿರಾಕಿಗಳಿರಲ್ಲ, ಅವರಿಗೂ ಮುಜುಗರ ಆಗಲ್ಲ."

"ನನಗೇನೂ ಮುಜುಗರ ಇಲ್ಲ" ಎಂದಳು ಅವಳು. "ಶನಿವಾರ ಮಧ್ಯಾಹ್ನ ಹೋಗ್ತೀನಿ."

ಬೀದಿಯಾಚೆ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದ ಹೆಂಗಸು ತನ್ನ ಹಿಂದಿನ ಕೋಣೆ ಬಿಟ್ಟುಕೊಟ್ಟಿದ್ದಳು. ಮೊದಲ ಎರಡು ತಿಂಗಳು ಅರ್ಧಕ್ಕರ್ಧ ಗಿರಾಕಿಗಳು ದಾರಿ ತಪ್ಪಿದರು, ನಿಜ. ಆಮೇಲೆ ಹುಡುಕಿಕೊಂಡು ಬಂದರು. ಆದರೆ ಆ ಕಟ್ಟಡದವರು ಇಂದಿಗೂ ಹೇಳುವುದು ಅವಳು ಹೊರಟ ಶನಿವಾರದ ಕತೆಯನ್ನೇ.

ಮೆಟ್ಟಿಲಡಿಯ ಮೇಜನ್ನು ಬಡಗಿ ಒಳಗೇ ಕೂತು ಕಟ್ಟಿದ್ದ. ಇಡಿಯಾಗಿ ಅದು ಬಾಗಿಲಲ್ಲಿ ಹಿಡಿಯುತ್ತಿರಲಿಲ್ಲ. ಕೊಯ್ದುಬಿಡೋಣ ಎಂದ ಗಂಡ. ಅವಳು ಒಪ್ಪಲಿಲ್ಲ. ಹನ್ನೆರಡು ಗಂಟೆಗೆ, ಇಡೀ ಕಟ್ಟಡ ಗಿಜಿಗುಡುವ ಹೊತ್ತಿನಲ್ಲಿ, ನೆಲದ ಮೇಲೆ ಕೂತು ಮೂವತ್ತೆರಡು ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದಳು. ಯಾರು ಏನು ಕೇಳಿದರೂ ನಿಧಾನವಾಗಿ, ಇದ್ದದ್ದು ಇದ್ದ ಹಾಗೆ ಉತ್ತರ ಕೊಟ್ಟಳು. ಜಾಗ ಯಾಕೆ ಬಿಡ್ತಿದ್ದೀರಿ ಎಂದವರಿಗೂ ಹಾಗೇ. ಆಮೇಲೆ ಮೇಜಿನ ಹಲಗೆಯನ್ನು ಅವಳೊಂದು ತುದಿ, ಗಂಡನೊಂದು ತುದಿ ಹಿಡಿದು, ಹಿಂಬಾಗಿಲು ಹತ್ತಿರವಿದ್ದರೂ ಮುಂಬಾಗಿಲಿನಿಂದ, ಟೈಲ್ಸ್ ಅಂಗಡಿಯ ಗಾಜಿನ ಮುಂದೆಯೇ ಹಾದು ರಸ್ತೆಗಿಳಿದರು. ಅವನು ರೂಢಿಯಂತೆ ಒಂದು ಕೈ ಎತ್ತಿ ವಾಹನಗಳನ್ನು ನಿಲ್ಲಿಸಿದ. ಒಂದು ಬಸ್ಸಿನ ಡ್ರೈವರು ಗುರುತು ಹಿಡಿದು ಹಾರ್ನ್ ಹೊಡೆದ. ಅವಳು ಅವಸರ ಮಾಡಲಿಲ್ಲ. ರಸ್ತೆ ದಾಟುವಷ್ಟು ಹೊತ್ತು ಎರಡೂ ಕಡೆಯ ಗಾಡಿಗಳು ನಿಂತೇ ಇದ್ದವು.

ನಾಲ್ಕು ಗಂಟೆಗೆ ಮೇಜು ಕೂಡಿಸಿ ಮುಗಿಯಿತು. ಐದಕ್ಕೆ ಮೊದಲೇ ಅವಳು ಕಾಲೇಜಿನ ಮೇಷ್ಟರೊಬ್ಬರ ಯಂತ್ರದ ತಳ ಬಿಚ್ಚಿ, ಟೀ ಚೆಲ್ಲಿ ಅಂಟಿಕೊಂಡಿದ್ದ ಕೀಲಿಗಳನ್ನು ಒರೆಸುತ್ತಿದ್ದಳು.